ಜೋಡಿ ರೆಕ್ಕೆಯ ಟೈಗರ್ ಮಾತ್: ಮೂರು ಹಾರಾಟಗಳ ಲೆಕ್ಕ

ನಾವು ಕಟ್ಟಿದ ಟೈಗರ್ ಮಾತ್ ಮಾದರಿ ವಿಮಾನ ಮೊದಲ ಹಾರಾಟದ ಕೊನೆಗೆ ಮೂಗು ಊರಿ ಮಗುಚಿಬಿತ್ತು. ಎರಡನೇ ಸಲ ಚೆನ್ನಾಗಿ ಎದ್ದು, ಚೆನ್ನಾಗಿ ಸುತ್ತಿ, ಹೋಗ್ತಾ ಹೋಗ್ತಾ ಕೈಗೆ ಸಿಗದಂತೆ ಕುಣಿಯತೊಡಗಿತು. ಮೂರನೇ ಸಲ ಶಾಂತವಾಗಿ ಹಾರಿ ಶಾಂತವಾಗಿ ಇಳಿಯಿತು. ಮೂರೂ ಸಲ ಎಂಜಿನ್ ಅದೇ, ರೆಕ್ಕೆ ಅದೇ, ಹಾರಿಸಿದ ಕೈಯೂ ಅದೇ. ಮುಖ್ಯವಾಗಿ ಬದಲಾಗಿದ್ದು ತೂಕ ಎಲ್ಲಿ ಕೂತಿದೆ ಅನ್ನುವುದು. ನಡುವೆ ನಾವು ಮಾಡಿದ ಎರಡು ತಪ್ಪು ಒಂದನ್ನೊಂದು ಮುಚ್ಚಿಟ್ಟುಕೊಂಡಿದ್ದವು. ಅದಕ್ಕೇ ಪತ್ತೆಯಾಗಲು ಇಷ್ಟು ಹೊತ್ತಾಯಿತು. ದೊಡ್ಡ ರೇಡಿಯೋ ಕಂಟ್ರೋಲ್ ವಿಮಾನ ಕಟ್ಟುವವರಿಗೆ ಉಪಯೋಗವಾಗಲಿ ಎಂದು ಎಲ್ಲವನ್ನೂ ಅಂಕಿಗಳ ಸಮೇತ ಬರೆಯುತ್ತಿದ್ದೇನೆ.

ಯಾಕೆ ಟೈಗರ್ ಮಾತ್

ಡಿ ಹ್ಯಾವಿಲೆಂಡ್ ಟೈಗರ್ ಮಾತ್ ಮೊದಲು ಹಾರಿದ್ದು 1931ರ ಅಕ್ಟೋಬರ್ 26ರಂದು, ಲಂಡನ್ ಬಳಿಯ ಸ್ಟ್ಯಾಗ್ ಲೇನ್‌ನಲ್ಲಿ. 8 ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದಲ್ಲೂ ಎಷ್ಟೋ ಜನ ಹಾರಾಟ ಕಲಿತದ್ದು ಇದರಲ್ಲೇ. ಆಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಚ್‌ಟಿ-2 ಹುಟ್ಟಿತು. 1951ರ ಆಗಸ್ಟ್ 5ರಂದು ಮೊದಲು ಹಾರಿದ ಆ ವಿಮಾನ ವಾಯುಸೇನೆಯ ತರಬೇತಿಯಲ್ಲಿ ಟೈಗರ್ ಮಾತ್ ಜಾಗಕ್ಕೆ ಬಂತು. ನನ್ನ ಚಿಕ್ಕಪ್ಪ ಎಚ್‌ಎಎಲ್‌ನಲ್ಲಿ ವಿಮಾನದ ಒಡಲು ಜೋಡಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಎಚ್‌ಟಿ-2 ಕಟ್ಟಿದ ಹಿರಿಯರ ಕೈಕೆಳಗೆ ಕೆಲಸ ಕಲಿತವರು. ಚಿಕ್ಕಂದಿನಲ್ಲಿ ನಾನು ಅವರ ಬಾಯಲ್ಲೇ ಟೈಗರ್ ಮಾತ್ ಹೆಸರು ಕೇಳಿದ್ದು. ಆ ಹೆಸರು ತಲೆಯಿಂದ ಹೋಗಲೇ ಇಲ್ಲ.

ಈ ವಿಮಾನದ ಆಕಾರಕ್ಕೆ ಒಂದು ಕಾರಣವಿದೆ, ಅದು ಈ ಕತೆಗೂ ಬೇಕು. ಇದಕ್ಕಿಂತ ಹಿಂದಿನ ಮಾತ್ ವಿಮಾನಗಳಲ್ಲಿ ಮುಂದಿನ ಸೀಟು ಮೇಲಿನ ರೆಕ್ಕೆಯ ಕೆಳಗೇ ಇತ್ತು. ಪ್ಯಾರಾಚೂಟ್ ಕಟ್ಟಿಕೊಂಡವರು ಆಪತ್ತಿನಲ್ಲಿ ಹೊರಗೆ ಹಾರುವುದು ಕಷ್ಟವಾಗಿತ್ತು. ಹಾಗಾಗಿ ಮೇಲಿನ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಸರಿಸಿದಾಗ ಎತ್ತುವ ಬಲವೂ ಮುಂದಕ್ಕೆ ಹೋಯಿತು, ಸಮತೋಲ ತಪ್ಪಿತು. ಅದನ್ನು ಸರಿಮಾಡಲು ರೆಕ್ಕೆಗಳನ್ನು ತುದಿಯ ಕಡೆ ಹಿಂದಕ್ಕೆ ಬಾಗಿಸಿದರು. ನೋಡುವವರಿಗೆ ಚೆಂದ ಕಾಣುವ ಆ ಬಾಗು ನಿಜವಾಗಿ ಒಂದು ತೂಕದ ಲೆಕ್ಕ.

ಕಟ್ಟಿದ್ದು

ನಾವು ಆರಿಸಿಕೊಂಡದ್ದು ನಾಲ್ಕನೇ ಒಂದು ಅಳತೆ. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 8.94 ಮೀಟರ್, ನಮ್ಮದು 2.23 ಮೀಟರ್. ಉದ್ದ 1.82 ಮೀಟರ್. ಎರಡೂ ರೆಕ್ಕೆ ಸೇರಿ ಸುಮಾರು 1.4 ಚದರ ಮೀಟರ್. ಬಾಲ್ಸಾ ಮತ್ತು ಪ್ಲೈವುಡ್‌ನ ಒಡಲು, ಸ್ಪ್ರೂಸ್ ಮರದ ಉದ್ದಪಟ್ಟಿಗಳು, ಮೇಲೆ ಬಿಸಿ ಮಾಡಿ ಅಂಟಿಸುವ ಬಟ್ಟೆ. 30 ಸಿಸಿ ಪೆಟ್ರೋಲ್ ಎಂಜಿನ್, 19 ಇಂಚಿನ ಪ್ರೊಪೆಲ್ಲರ್, 500 ಮಿ.ಲೀ. ಟ್ಯಾಂಕ್. ಕೆಲಸ ಹದಿನಾಲ್ಕು ತಿಂಗಳು ಹಿಡಿಯಿತು. ರಾತ್ರಿ ಊಟ ಮುಗಿಸಿ ಕೂತರೆ ಒಂದು ದಿನಕ್ಕೆ ಎರಡು ರಿಬ್ (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿ) ಆದರೆ ಹೆಚ್ಚು.

ತಂತಿಗಳ ಬಗ್ಗೆ ಸ್ವಲ್ಪ ಹೇಳಲೇಬೇಕು, ಜೋಡಿ ರೆಕ್ಕೆಯ ಜೀವ ಇರುವುದೇ ಅಲ್ಲಿ. ಎರಡು ರೆಕ್ಕೆ, ನಡುವೆ ಸ್ಟ್ರಟ್ ಎಂಬ ಕಂಬ, ಅಡ್ಡಡ್ಡ ತಂತಿ. ಇವೆಲ್ಲ ಸೇರಿದರೆ ಅದು ಸೇತುವೆಯ ಹಾಗೆ ಒಂದು ಪೆಟ್ಟಿಗೆ. ಒಡಲಿನ ಕೆಳಗಿನಿಂದ ಮೇಲಿನ ರೆಕ್ಕೆಯ ತುದಿಯ ಕಡೆಗೆ ಹೋಗುವ ತಂತಿ ಹಾರುವಾಗ ಭಾರ ಹೊರುತ್ತದೆ. ಮೇಲಿನ ರೆಕ್ಕೆಯ ನಡುವಿನಿಂದ ಕೆಳಗಿನ ರೆಕ್ಕೆಗೆ ಬರುವ ತಂತಿ ನೆಲದ ಮೇಲಿದ್ದಾಗ ಭಾರ ಹೊರುತ್ತದೆ. ಚೆಂದಕ್ಕೆ ಮಾತ್ರ ಎಲಾಸ್ಟಿಕ್ ದಾರ ಕಟ್ಟುವವರೂ ಇದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ನಾವು ಮಾತ್ರ ನಿಜವಾದ ಸ್ಟೀಲ್ ಕೇಬಲ್ ಹಾಕಿ, ಎರಡೂ ತುದಿಗೆ ತಿರುಗಿಸಿ ಬಿಗಿ ಮಾಡುವ ಕೊಂಡಿ ಕೊಟ್ಟೆವು. ಹಾಗೆ ಮಾಡಿದರೆ ಬಿಗಿಯ ಜವಾಬ್ದಾರಿಯೂ ನಮ್ಮ ತಲೆಯ ಮೇಲೆ ಬರುತ್ತದೆ.

ಟೈಗರ್ ಮಾತ್‌ನಲ್ಲಿ ಐಲೆರಾನ್, ಅಂದರೆ ವಿಮಾನವನ್ನು ವಾಲಿಸಲು ಮೇಲೆ ಕೆಳಗೆ ಆಡುವ ಪಟ್ಟಿ, ಇರುವುದು ಕೆಳಗಿನ ರೆಕ್ಕೆಯಲ್ಲಿ ಮಾತ್ರ. ಬಲಕ್ಕೆ ವಾಲಿಸಿದರೆ ಎಡಗಡೆ ಕೆಳಗಿಳಿದ ಐಲೆರಾನ್ ಗಾಳಿ ಹಿಡಿದು ಮೂಗನ್ನು ಎಡಕ್ಕೆ ಎಳೆಯುತ್ತದೆ. ಡಿ ಹ್ಯಾವಿಲೆಂಡ್‌ನವರು ಇದಕ್ಕೆ ಐಲೆರಾನ್ ಮೇಲಕ್ಕೆ ಜಾಸ್ತಿ, ಕೆಳಕ್ಕೆ ಕಡಿಮೆ ಹೋಗುವಂತೆ ಮಾಡಿದ್ದರು. ನಾವೂ ಹಾಗೇ ಮಾಡಿದೆವು: ಮೇಲಕ್ಕೆ 20 ಮಿ.ಮೀ., ಕೆಳಕ್ಕೆ 7. ಆದರೂ ತಿರುವಿನಲ್ಲಿ ರಡ್ಡರ್, ಅಂದರೆ ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ನೆಟ್ಟಗಿನ ಪಟ್ಟಿ, ಬೇಕೇ ಬೇಕು.

ತೂಕ ಕೂರಿಸಿದ್ದು

ಎಲ್ಲ ಅಳತೆಗೂ ಒಂದು ಸೊನ್ನೆ ಬೇಕು. ನಾವು ಮೇಲಿನ ರೆಕ್ಕೆಯ ನಡುಭಾಗದ ಮುಂದಿನ ಅಂಚನ್ನು ಸೊನ್ನೆ ಎಂದು ಇಟ್ಟುಕೊಂಡೆವು. ಬೇರೆ ಹೇಳದಿದ್ದರೆ ಕೆಳಗೆ ಬರುವ ಸೆಂಟಿಮೀಟರ್ ಗುರುತುಗಳೆಲ್ಲ ಅಲ್ಲಿಂದ ಹಿಂದಕ್ಕೆ.

ರೆಕ್ಕೆಯ ಅಗಲ, ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ, 33 ಸೆಂ.ಮೀ. ಅದರ 28 ಪರ್ಸೆಂಟ್ ಹತ್ತಿರ, ಅಂದರೆ ರೆಕ್ಕೆಯ ಸರಾಸರಿ ಮುಂದಿನ ಅಂಚಿನಿಂದ 9 ಸೆಂ.ಮೀ. ಹಿಂದೆ, ಗುರುತ್ವ ಕೇಂದ್ರ ಇರಬೇಕು. ಮಾದರಿ ಹಾರಿಸುವವರು ಇದನ್ನು ಸಿಜಿ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ರೆಕ್ಕೆ ಹಿಂದಕ್ಕೆ ಬಾಗಿದೆ ಎಂಬುದು ನನಗೆ ಗೊತ್ತಿತ್ತು. ಆ ಬಾಗನ್ನು ಲೆಕ್ಕಕ್ಕೆ ತಗೊಂಡರೆ ಮೇಲಿನ ರೆಕ್ಕೆಯ ಸರಾಸರಿ ಮುಂದಿನ ಅಂಚು 7 ಸೆಂ.ಮೀ. ಹಿಂದೆ ಬೀಳುತ್ತದೆ. 7 ಕೂಡಿಸು 9, ಒಟ್ಟು 16. ಪ್ಯಾರಾಚೂಟ್ ಕತೆ ಓದಿ ಬಾಗನ್ನು ಮರೆಯದೆ ಲೆಕ್ಕ ಹಾಕಿದ್ದೇನೆ ಎಂದು ಧೈರ್ಯವಾಗಿದ್ದೆ.

ಮೇಲಿನ ರೆಕ್ಕೆಗೆ ಹಗ್ಗ ಕಟ್ಟಿ, ಗ್ಯಾರೇಜಿನ ತೊಲೆಗೆ ತೂಗುಹಾಕಿ, ವಿಮಾನ ಸಮನಾಗಿ ನಿಲ್ಲುವವರೆಗೆ ಮೂಗಿಗೆ ಸೀಸ ತುಂಬಿದೆವು. ಈ ವಿಮಾನದ ಮೂಗು ಗಿಡ್ಡ, ಬಾಲ ಉದ್ದ. ಬಾಲದಲ್ಲಿ ಒಂದು ಗ್ರಾಂ ಸೇರಿದರೆ ಮೂಗಿನಲ್ಲಿ ಸುಮಾರು ಮೂರು ಗ್ರಾಂ ಹಾಕಬೇಕು. 950 ಗ್ರಾಂ ಸೀಸ ಹೋಯಿತು. ಪೆಟ್ರೋಲ್ ಬಿಟ್ಟು ಒಟ್ಟು ತೂಕ 8.9 ಕೆಜಿ. ತೂಗುವಾಗ ಟ್ಯಾಂಕ್ ತುಂಬಿತ್ತು. ಹಾರುವುದು ತುಂಬಿದ ಟ್ಯಾಂಕ್‌ನಲ್ಲೇ ಅಲ್ವಾ, ಹಾಗೇ ತೂಗೋಣ ಎಂದುಕೊಂಡೆವು. ಈ ಸಾಲನ್ನು ನೆನಪಿಟ್ಟುಕೊಳ್ಳಿ.

ಮೊದಲ ಹಾರಾಟ

ಬೆಂಗಳೂರಿನ ಸುತ್ತ ಇಂಥ ವಿಮಾನಕ್ಕೆ ಜಾಗವಿಲ್ಲ. ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್, ಎಲ್ಲಿ ನೋಡಿದರೂ ವಿಮಾನ ನಿಲ್ದಾಣ. 2021ರ ಡ್ರೋನ್ ನಿಯಮದಲ್ಲಿ 2ರಿಂದ 25 ಕೆಜಿಯವರೆಗಿನದು ಸಣ್ಣ ವರ್ಗ. ನಮ್ಮದು ಅದರಲ್ಲಿ ಬರುತ್ತದೆ. ಕಾಗದ ಪತ್ರ ಮುಗಿಸಿ, ನಕ್ಷೆಯಲ್ಲಿ ಹಸಿರು ವಲಯ ನೋಡಿಕೊಂಡು, ಕೋಲಾರದ ಕಡೆಯ ಒಂದು ಬತ್ತಿದ ಕೆರೆಯಂಗಳ ಆರಿಸಿದೆವು. ಅಲ್ಲಿ 400 ಅಡಿಯವರೆಗೆ ಹಾರಿಸಬಹುದು. ಊರಿನ ಹಿರಿಯರನ್ನು ಕೇಳಿ ಒಪ್ಪಿಗೆ ಪಡೆದೆವು. ದನ ಮೇಯಲು ಬರುವ ಮೊದಲೇ ಮುಗಿಸಿ ಎಂದರು, ಅಷ್ಟೇ.

ಹಾರಿಸಿದ್ದು ನನಗಿಂತ ಹತ್ತು ವರ್ಷ ದೊಡ್ಡವರಾದ ಒಬ್ಬ ಗೆಳೆಯರು. ನಾವೆಲ್ಲ ಅವರನ್ನು ಅಣ್ಣ ಅನ್ನುತ್ತೇವೆ. ದೊಡ್ಡ ಮಾದರಿ ಹಾರಿಸಿ ಅವರಿಗೆ ಅಭ್ಯಾಸವಿದೆ. ಕಟ್ಟಿದವನೇ ಮೊದಲ ಹಾರಾಟ ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹದಿನಾಲ್ಕು ತಿಂಗಳ ಕೆಲಸ ಮೇಲಿರುವಾಗ ಬೆರಳು ನಡುಗುತ್ತದೆ.

ಬೆಳಗ್ಗೆ ಆರೂಮುಕ್ಕಾಲು, ಗಾಳಿ ಇಲ್ಲವೇ ಇಲ್ಲ. ರೇಡಿಯೋ ದೂರದ ಪರೀಕ್ಷೆ ಮಾಡಿದೆವು, ಎಂಜಿನ್ ಓಡುತ್ತಿರುವಾಗ ಇನ್ನೊಮ್ಮೆ. ಸಿಗ್ನಲ್ ಹೋದರೆ ಎಂಜಿನ್ ತಾನಾಗೇ ನಿಧಾನಕ್ಕೆ ಇಳಿಯಬೇಕು. ಇಗ್ನಿಷನ್ ಬಂದ್ ಮಾಡಲು ಬೇರೆಯದೇ ಸ್ವಿಚ್. ಇವೆರಡನ್ನೂ ಪರೀಕ್ಷಿಸದೆ ದೊಡ್ಡ ವಿಮಾನವನ್ನು ನೆಲ ಬಿಡಿಸಬೇಡಿ.

ಓಟ ಉದ್ದವಾಯಿತು. ಬಾಲ ಎದ್ದಿತು, ಚಕ್ರ ಮಾತ್ರ ನೆಲ ಬಿಡಲೊಲ್ಲದು. ಕೊನೆಗೆ ಎದ್ದಿತು. ಅಣ್ಣ ಹೇಳಿದ ಮೊದಲ ಮಾತು, "ಎಲಿವೇಟರ್ ಎಳಕೊಂಡೇ ಇದೀನಿ ಕಣೋ, ಬಿಟ್ರೆ ಮೂಗು ಕೆಳಗೆ." ಎಲಿವೇಟರ್ ಅಂದರೆ ಮೂಗನ್ನು ಎತ್ತುವ, ಇಳಿಸುವ ಬಾಲದ ಅಡ್ಡಪಟ್ಟಿ. ಎರಡನೇ ಮಾತು, "ಎಡಕ್ಕೆ ವಾಲ್ತಾ ಇದೆ." ಟ್ರಿಮ್ ಕೊಟ್ಟು, ಅಂದರೆ ಆ ಪಟ್ಟಿಗಳ ನಡುಸ್ಥಾನವನ್ನೇ ತುಸು ಸರಿಸಿ, ಎರಡನ್ನೂ ಹತೋಟಿಗೆ ತಂದರು. ಆರು ನಿಮಿಷ ಹಾರಿಸಿದರು. ಸೂರ್ಯ ಬಟ್ಟೆಯ ಒಳಗಿಂದ ತೂರಿ ರಿಬ್‌ಗಳೆಲ್ಲ ಕಾಣುತ್ತಿದ್ದವು. ಆ ನೋಟ ನನಗೆ ಇನ್ನೂ ಕಣ್ಣಲ್ಲಿದೆ.

ಇಳಿಸುವಾಗ ಎಂಜಿನ್ ಕಡಿಮೆ ಮಾಡಿದ ಕೂಡಲೇ ಮೂಗು ಕುಸಿಯಿತು. ಎಲಿವೇಟರ್ ಪೂರ್ತಿ ಎಳೆದರೂ ಏಳಲಿಲ್ಲ. ವೇಗವಾಗಿ ನೆಲ ಮುಟ್ಟಿ, ಒಮ್ಮೆ ಪುಟಿದು, ಮೂಗು ಊರಿ, ನಿಧಾನವಾಗಿ ಬೆನ್ನ ಮೇಲೆ ಮಗುಚಿಕೊಂಡಿತು. ಪ್ರೊಪೆಲ್ಲರ್ ಮುರಿಯಿತು. ರಡ್ಡರ್‌ನ ಮೇಲರ್ಧ ಪುಡಿಯಾಯಿತು. ಮೇಲಿನ ರೆಕ್ಕೆಯ ನಡುಭಾಗದಲ್ಲಿ ಬಟ್ಟೆ ಹರಿಯಿತು. ತಂತಿಗಳು ಮಾತ್ರ ಹಾಗೇ ನಿಂತಿದ್ದವು, ರೆಕ್ಕೆ ಉಳಿಯಿತು.

ಚಿಕ್ಕಪ್ಪ ನೋಡಿದ್ದು

ಮನೆಗೆ ತಂದ ಮೇಲೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಮಾರನೇ ದಿನ ಬಂದರು. ಮುರಿದ ರಡ್ಡರ್ ಕಡೆ ಕಣ್ಣೂ ಹಾಯಿಸಲಿಲ್ಲ. ನನ್ನ ಲೆಕ್ಕದ ಪುಸ್ತಕ ಕೇಳಿ ಇಸಕೊಂಡರು. ಎರಡು ನಿಮಿಷ ಓದಿ ಕನ್ನಡಕ ತೆಗೆದರು.

"ಎರಡು ರೆಕ್ಕೆ ಕಟ್ಟಿ ಒಂದನ್ನೇ ಅಳೆದಿದೀಯಲ್ಲೋ ಮಗಾ."

ನಿಜ. ಕೆಳಗಿನ ರೆಕ್ಕೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮೇಲಿನ ರೆಕ್ಕೆ ಮುಂದೆ, ಕೆಳಗಿನದು ಹಿಂದೆ. ನಮ್ಮ ಮಾದರಿಯಲ್ಲಿ ಕೆಳಗಿನ ರೆಕ್ಕೆಯ ಸರಾಸರಿ ಮುಂದಿನ ಅಂಚು 13 ಸೆಂ.ಮೀ. ಗುರುತಿನಲ್ಲಿದೆ. ಗಾಳಿಗೆ ಇವೆರಡೂ ಸೇರಿ ಒಂದೇ ರೆಕ್ಕೆ. 7 ಮತ್ತು 13ರ ನಡುವೆ, ಅಂದರೆ 10 ಸೆಂ.ಮೀ. ಹಿಂದೆ ಆ ಜೋಡಿ ರೆಕ್ಕೆಯ ಮುಂದಿನ ಅಂಚು ಇದೆ ಎಂದು ತಿಳಿಯಬೇಕು. ಮೇಲಿನ ರೆಕ್ಕೆ ಸ್ವಲ್ಪ ಜಾಸ್ತಿ ದುಡಿಯುತ್ತದೆ ಎಂಬ ಸೂಕ್ಷ್ಮ ಇದೆ, ಆದರೆ ಅದರಿಂದ ಆಗುವ ವ್ಯತ್ಯಾಸ ಕೆಲವು ಮಿಲಿಮೀಟರ್ ಮಾತ್ರ. ಹತ್ತಕ್ಕೆ ಒಂಬತ್ತು ಕೂಡಿಸಿದರೆ 19. ನಾವು ಹಾರಿಸಿದ್ದು 16ರಲ್ಲಿ. ಮೂರು ಸೆಂಟಿಮೀಟರ್ ಮೂಗು ಭಾರ.

ಮಗುಚಿದ್ದಕ್ಕೂ ಅಲ್ಲೇ ಉತ್ತರ ಇತ್ತು. ಚಕ್ರದ ಅಕ್ಷ ಇರುವುದು 11 ಸೆಂ.ಮೀ. ಗುರುತಿನಲ್ಲಿ. ಸಿಜಿ ಅದಕ್ಕಿಂತ ಬರೀ 5 ಸೆಂ.ಮೀ. ಹಿಂದೆ ಇತ್ತು. ಚಕ್ರ ಒಂದು ಹೆಂಟೆಗೆ ತಾಗಿದರೆ ಸಾಕು, ವಿಮಾನ ಅದರ ಮೇಲೆ ತಿರುಗಿಬೀಳುತ್ತದೆ.

ಎಡಕ್ಕೆ ವಾಲಿದ್ದು ಬೇರೆ ವಿಷಯ. ಡಿಜಿಟಲ್ ಕೋನಮಾಪಕ ಇಟ್ಟು ನೋಡಿದರೆ ಎಡಗಡೆ ಕೆಳಗಿನ ರೆಕ್ಕೆಯ ತುದಿ ಬಲಕ್ಕಿಂತ ಒಂದು ಡಿಗ್ರಿಯಷ್ಟು ಕೆಳಮುಖವಾಗಿ ತಿರುಚಿತ್ತು. ಒಂದು ತಂತಿ ಬಿಗಿ ಜಾಸ್ತಿಯಾಗಿತ್ತು. ಸಡಿಲಿಸಿ ಸರಿ ಮಾಡಿದೆವು. ಅದು ಅಲ್ಲಿಗೆ ಮುಗಿಯಿತು.

ಎರಡನೇ ಹಾರಾಟ

ಈಗ ಮಾಡಿದ ಬದಲಾವಣೆ ಗಮನಿಸಿ. ಸೀಸದಲ್ಲಿ 640 ಗ್ರಾಂ ತೆಗೆದೆವು. ಟ್ಯಾಂಕ್ ತುಂಬಿಸಿ ತೂಗುಹಾಕಿ ಸಿಜಿಯನ್ನು 19ಕ್ಕೆ ತಂದೆವು. ಹೋದ ಸಲ ಎಲಿವೇಟರ್ ಸಾಲಲಿಲ್ಲವಲ್ಲ ಎಂದು ಅದರ ಓಡಾಟವನ್ನು 15 ಡಿಗ್ರಿಯಿಂದ 25ಕ್ಕೆ ಏರಿಸಿದೆವು. ರಡ್ಡರ್ ಇನ್ನೂ ಬಣ್ಣ ಒಣಗುತ್ತಿತ್ತು. ಹಾಗಾಗಿ ತೂಗುವಾಗ ಮುರಿದ ಹಳೇ ರಡ್ಡರನ್ನೇ ತುಂಡುಗಳ ಸಮೇತ ಕಟ್ಟಿದ್ದೆವು. ಸರಿಮಾಡಿದ ರಡ್ಡರ್ ಮಾರನೇ ದಿನ ಕೂರಿಸಿದೆವು. ಅಂಟು, ಹೊಸ ಮರ, ಹೊಸ ಬಣ್ಣ ಸೇರಿ ಅದು 45 ಗ್ರಾಂ ಜಾಸ್ತಿ ಆಗಿತ್ತು. ಯಾರೂ ತೂಗಲಿಲ್ಲ.

ಹೋದದ್ದು ಅದೇ ಕೆರೆಯಂಗಳಕ್ಕೆ. ಓಟ ಗಿಡ್ಡವಾಯಿತು, ಎದ್ದದ್ದು ಹಗುರಾಗಿ. ನಾಲ್ಕೈದು ನಿಮಿಷ ಎಲ್ಲರ ಮುಖದಲ್ಲೂ ನಗು. ಐದನೇ ನಿಮಿಷಕ್ಕೆ ಅಣ್ಣ ಎತ್ತರಕ್ಕೆ ಹೋಗಿ ಡೈವ್ ಪರೀಕ್ಷೆ ಮಾಡಿದರು. ಅರ್ಧ ಎಂಜಿನ್‌ನಲ್ಲಿ ಟ್ರಿಮ್ ಮಾಡಿ, ಮೂಗು ಕೆಳಗೆ ಮಾಡಿ, ಕೈ ಬಿಡುವುದು. ಮೂಗು ರಭಸದಿಂದ ಎದ್ದರೆ ಮೂಗು ಭಾರ. ಇನ್ನೂ ಕೆಳಕ್ಕೆ ಮಡಚಿಕೊಂಡರೆ ಬಾಲ ಭಾರ. ಮೆಲ್ಲಗೆ ತಾನೇ ಎದ್ದರೆ ಸರಿ. ನಮ್ಮದು ಮೆಲ್ಲಗೆ ಎದ್ದಿತು.

ಹತ್ತು ನಿಮಿಷ ದಾಟಿದ ಮೇಲೆ ಅಣ್ಣನ ಬೆರಳು ಸುಮ್ನೆ ಇರದೇ ಆಡತೊಡಗಿತು. ಮೂಗು ಮೇಲೆ, ಕೆಳಗೆ, ಮತ್ತೆ ಮೇಲೆ. "ಮುಟ್ಟಿದ್ರೆ ಸಾಕು ಎಗರ್ತಾ ಇದೆ" ಎಂದರು. ಆ ಗಡಿಬಿಡಿಯಲ್ಲೂ ಅವರು ಇನ್ನೊಮ್ಮೆ ಡೈವ್ ಪರೀಕ್ಷೆ ಮಾಡಿದ್ದಕ್ಕೆ ನಾನು ಇವತ್ತಿಗೂ ಋಣಿ. ಈ ಸಲ ವಿಮಾನ ಏಳಲಿಲ್ಲ. ಬಿಟ್ಟ ಗೆರೆಯಲ್ಲೇ ಕೆಳಗೆ ಹೋಗುತ್ತಿತ್ತು, ಎತ್ತಿ ತರಬೇಕಾಯಿತು. ಅರ್ಧ ಗಂಟೆಯ ಒಳಗೆ, ಅದೇ ವಿಮಾನ, ಎರಡು ಬೇರೆ ಉತ್ತರ ಕೊಟ್ಟಿತ್ತು. ನಡುವೆ ಬದಲಾಗಿದ್ದು ಒಂದೇ: ಟ್ಯಾಂಕ್ ಖಾಲಿಯಾಗುತ್ತಿತ್ತು.

ಎಂಜಿನ್ ಸ್ವಲ್ಪ ಇಟ್ಟುಕೊಂಡೇ, ಎಲಿವೇಟರ್‌ಗೆ ತೀರ ಕಡಿಮೆ ಕೆಲಸ ಕೊಟ್ಟು ಇಳಿಸಿದರು. ಎರಡು ಸಲ ಮೇಲೆ ಪುಟಿದು ನಿಂತಿತು. ಏನೂ ಮುರಿಯಲಿಲ್ಲ.

ಲೆಕ್ಕ ಹೀಗಿದೆ. 500 ಮಿ.ಲೀ. ಪೆಟ್ರೋಲ್ ಸುಮಾರು 370 ಗ್ರಾಂ ತೂಗುತ್ತದೆ. ಟ್ಯಾಂಕ್ ಸಿಜಿಗಿಂತ 20 ಸೆಂ.ಮೀ. ಮುಂದಿದೆ. ಅದು ಖಾಲಿಯಾದರೆ ಸಿಜಿ 9 ಮಿ.ಮೀ. ಹಿಂದಕ್ಕೆ ಹೋಗುತ್ತದೆ. ರಡ್ಡರ್‌ನ 45 ಗ್ರಾಂ ಸಿಜಿಯಿಂದ 125 ಸೆಂ.ಮೀ. ಹಿಂದೆ ಕೂತು ಇನ್ನೊಂದು 7 ಮಿ.ಮೀ. ಎಳೆಯಿತು. ಒಟ್ಟು 1.6 ಸೆಂ.ಮೀ. ಅಂದರೆ 19ರಲ್ಲಿ ಇರಬೇಕಾದ ಸಿಜಿ ಕೊನೆಗೆ 20.6ರಲ್ಲಿತ್ತು. ಮೇಲಿಂದ ಎಲಿವೇಟರ್ ಓಡಾಟ ಬೇರೆ ಜಾಸ್ತಿ ಮಾಡಿದ್ದೆವು. ಎಲಿವೇಟರ್ ಸಾಲದೇ ಇದ್ದದ್ದು ಮೂಗು ಭಾರದಿಂದ. ಮೂಗು ಭಾರ ತೆಗೆದ ಮೇಲೆ ಆ ಹತ್ತು ಡಿಗ್ರಿ ಬೇಕಿರಲಿಲ್ಲ. ಒಂದೇ ರೋಗಕ್ಕೆ ಎರಡು ಮದ್ದು ಒಟ್ಟಿಗೆ ಕೊಟ್ಟಂತಾಯಿತು.

ಟ್ಯಾಂಕ್ ತುಂಬಿಸಿ ತೂಗುವ ತಪ್ಪು ಮೊದಲ ದಿನದಿಂದಲೂ ಇತ್ತು. ಮೊದಲ ಹಾರಾಟದಲ್ಲಿ ಅದು ಕಾಣಿಸಲಿಲ್ಲ, ಯಾಕೆಂದರೆ ಆಗ ಮೂಗು ಭಾರ ಮೂರು ಸೆಂಟಿಮೀಟರ್ ಇತ್ತು. ಪೆಟ್ರೋಲ್ ಕಡಿಮೆಯಾದಷ್ಟೂ ವಿಮಾನ ಸರಿಯಾಗುವ ಕಡೆಗೇ ಹೋಗುತ್ತಿತ್ತು. ದೊಡ್ಡ ತಪ್ಪನ್ನು ಸರಿಪಡಿಸಿದ ಕೂಡಲೇ ಅದರ ಹಿಂದೆ ಅವಿತಿದ್ದ ಚಿಕ್ಕದು ಹೊರಗೆ ಬಂತು.

ಮೂರು ತಕ್ಕಡಿ

ಚಿಕ್ಕಪ್ಪ ಈ ಸಲ ಹಗ್ಗ ಬಿಚ್ಚಿಸಿದರು. "ದೊಡ್ಡ ವಿಮಾನನ ಯಾರೂ ನೇತುಹಾಕಲ್ಲ. ಚಕ್ರದ ಕೆಳಗೆ ತಕ್ಕಡಿ ಇಡು" ಎಂದರು. ಎರಡು ಚಕ್ರಕ್ಕೆ ಎರಡು, ಬಾಲದ ಕೆಳಗೆ ನೆಲಕ್ಕೆ ಊರುವ ಸ್ಕಿಡ್‌ಗೆ ಒಂದು. ಬಾಲವನ್ನು ಸ್ಟೂಲ್ ಮೇಲೆ ಎತ್ತಿ, ವಿಮಾನ ಹಾರುವಾಗ ಇರುವಂತೆ ಮಟ್ಟ ಮಾಡಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಗಳೇ ಸಾಕಾದವು. ಆಮೇಲೆ ಲೆಕ್ಕ ಸುಲಭ: ಬಾಲದ ತೂಕವನ್ನು ಅಕ್ಷದಿಂದ ಸ್ಕಿಡ್‌ಗೆ ಇರುವ ದೂರದಿಂದ ಗುಣಿಸಿ, ಒಟ್ಟು ತೂಕದಿಂದ ಭಾಗಿಸಿದರೆ ಸಿಜಿ ಅಕ್ಷದಿಂದ ಎಷ್ಟು ಹಿಂದಿದೆ ಎಂದು ಸಿಗುತ್ತದೆ. ಹಗ್ಗದಲ್ಲಿ ಒಂದು ಸೆಂಟಿಮೀಟರ್ ಆಚೀಚೆ ಆದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಇದರಲ್ಲಿ ಮಿಲಿಮೀಟರ್ ಸಿಗುತ್ತದೆ.

ಮತ್ತೆ ಸೀಸ ತುಂಬುವ ಮೊದಲು ಇರುವ ತೂಕವನ್ನೇ ಸರಿಸಿ ನೋಡಿ ಎಂದೂ ಚಿಕ್ಕಪ್ಪ ಹೇಳಿದರು. ಸೀಟಿನ ಹಿಂದೆ ಇದ್ದ 250 ಗ್ರಾಂ ಬ್ಯಾಟರಿಗಳನ್ನು 30 ಸೆಂ.ಮೀ. ಮುಂದಕ್ಕೆ, ಎಂಜಿನ್ ಹಿಂದಿನ ಗೋಡೆಯಾದ ಫೈರ್‌ವಾಲ್ ಪಕ್ಕಕ್ಕೆ ತಂದೆವು. ಅಷ್ಟರಿಂದಲೇ ಸಿಜಿ 9 ಮಿ.ಮೀ. ಮುಂದೆ ಬಂತು. ಉಳಿದದ್ದಕ್ಕೆ 150 ಗ್ರಾಂ ಸೀಸ. ಟ್ಯಾಂಕ್ ಪೂರ್ತಿ ಖಾಲಿ. ಒಟ್ಟು ತೂಕ 8,450 ಗ್ರಾಂ, ಬಾಲದ ತಕ್ಕಡಿಯಲ್ಲಿ 520 ಗ್ರಾಂ, ದೂರ 128 ಸೆಂ.ಮೀ. ಭಾಗಿಸಿದರೆ 7.9. ಅಕ್ಷದ 11 ಕೂಡಿಸಿದರೆ 18.9. ಟ್ಯಾಂಕ್ ತುಂಬಿದರೆ ಅದು 18.1ಕ್ಕೆ ಬರುತ್ತದೆ. ಈಗ ಪೆಟ್ರೋಲ್ ಎಷ್ಟೇ ಉರಿಯಲಿ, ಸಿಜಿ ಹೋಗಿ ನಿಲ್ಲುವುದು ಸರಿಯಾದ ಜಾಗದಲ್ಲೇ. ಎಲಿವೇಟರ್ ಓಡಾಟ 18 ಡಿಗ್ರಿಗೆ ಇಳಿಸಿದೆವು.

ಮೂರನೇ ಹಾರಾಟ

ಹೇಳಲು ಹೆಚ್ಚಿಲ್ಲ, ಅದೇ ಅದರ ಸಂತೋಷ. ಮಾತೇ ಆಡದೆ ಅಣ್ಣ ಹದಿಮೂರು ನಿಮಿಷ ಹಾರಿಸಿದರು. ಡೈವ್ ಪರೀಕ್ಷೆ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ. ಎರಡು ಸಲವೂ ಮೆಲ್ಲಗೆ ಎದ್ದಿತು. ಎತ್ತರದಲ್ಲಿ ಎಂಜಿನ್ ಪೂರ್ತಿ ಇಳಿಸಿ, ವೇಗ ಸಾಯುವವರೆಗೆ ಮೂಗು ಎತ್ತಿ ಹಿಡಿದರು. ರೆಕ್ಕೆ ಜಾರಲಿಲ್ಲ, ಮೂಗು ಬಾಗಿಸಿ ಮತ್ತೆ ಹಾರಿತು. ಇಳಿಯುವಾಗ ಎರಡು ಚಕ್ರ ಮತ್ತು ಸ್ಕಿಡ್ ಹೆಚ್ಚುಕಡಿಮೆ ಒಟ್ಟಿಗೆ ನೆಲ ಮುಟ್ಟಿದವು. ಸ್ಕಿಡ್ ಒಣಮಣ್ಣಿನಲ್ಲಿ ಉದ್ದಕ್ಕೆ ಒಂದು ಗೀರು ಎಳೆಯಿತು. ಟೈಗರ್ ಮಾತ್‌ಗೆ ಬ್ರೇಕ್ ಇಲ್ಲ, ಆ ಸ್ಕಿಡ್ಡೇ ಬ್ರೇಕ್. ಚಿಕ್ಕಪ್ಪ ಆ ಗೀರಿನ ಉದ್ದಕ್ಕೂ ನಡೆದು ಹೋದರು. ತಿರುಗಿ ಬಂದು, "ನೇರವಾಗಿದೆ" ಎಂದರು.

ಒಂದು ಕೆಲಸ ಬಾಕಿ ಇದೆ. ಪೂರ್ತಿ ಎಂಜಿನ್ ಕೊಟ್ಟರೆ ಮೂಗು ಸ್ವಲ್ಪ ಮೇಲೇಳುತ್ತದೆ. ಅರ್ಧ ಎಂಜಿನ್‌ನಲ್ಲಿ ಏಳುವುದಿಲ್ಲ. ಹಾಗಾಗಿ ಇದು ಸಿಜಿಯ ದೋಷವಲ್ಲ, ಎಂಜಿನ್ ಎಳೆಯುವ ಕೋನದ್ದು. ಎಂಜಿನ್‌ನ ಹಿಂಬದಿಯ ಮೇಲಿನ ಎರಡು ಬೋಲ್ಟ್‌ಗೆ ಒಂದೊಂದು ವಾಷರ್ ಹಾಕಿ ಮೂಗನ್ನು ಒಂದು ಡಿಗ್ರಿ ಕೆಳಗೆ ಮಾಡಬೇಕು. ಈ ಸಲ ಅದೊಂದನ್ನು ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ. ವಾಷರ್ ಹಾಕಿದ ಮೇಲೆ, ಟ್ಯಾಂಕ್ ಖಾಲಿ ಮಾಡಿ, ಮೂರು ತಕ್ಕಡಿಯ ಮೇಲೆ ಮತ್ತೊಮ್ಮೆ ಇಡುತ್ತೇವೆ.